ಮೂರನೆಯ ಶಿಫಾರಸು ಪತ್ರ

ರಸಾಯನಶಾಸ್ತ್ರ ವಿಭಾಗಕ್ಕೆ ಬರುವ ಸ್ನಾತಕೋತ್ತರ ಅರ್ಜಿಗಳನ್ನು ಮೊದಲು ನೋಡುವವಳು ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಈ ದೇಶದವರದು ಸಲೀಸು: ಅಂಕಪಟ್ಟಿ, ಉದ್ದೇಶ ಪತ್ರ, ಮೂವರು ಅಧ್ಯಾಪಕರ ಶಿಫಾರಸು. ಹೊರದೇಶದವರಾದರೆ ಭಾಷಾ ಪರೀಕ್ಷೆ, ಅಂಕಪಟ್ಟಿಯ ಅನುವಾದ ಬೇರೆ. ಒಂದು ಕಡಿಮೆಯಾದರೂ ‘ಅಪೂರ್ಣ’ ಎಂದು ಮುದ್ರೆ ಒತ್ತಿ ಪಕ್ಕಕ್ಕಿಡಬೇಕು. ಓದುವುದು ಅವಳ ಕೆಲಸವಲ್ಲ. ಆದರೂ ಒಂದಕ್ಷರ ಬಿಡದೆ ಓದುತ್ತಿದ್ದಳು. ತಂಗಿ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಇಲ್ಲಾದರೂ ಯಾರೋ ತಮ್ಮ ವಿಷಯ ಹೇಳಿಕೊಳ್ಳುತ್ತಿದ್ದರು.

ಆ ವರ್ಷ ಹೊರದೇಶದ ಹುಡುಗಿಯೊಬ್ಬಳ ಅರ್ಜಿ ಬಂತು. ಅಂಕ ಸಾಧಾರಣ. ಅವಳ ಮೂರನೆಯ ಅಧ್ಯಾಪಕರು ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದರು. ಅವರ ಬದಲು ಅವಳ ಕಾಲೇಜಿನ ಪ್ರಯೋಗಾಲಯದ ವಯಸ್ಸಾದ ಅಟೆಂಡರ್ ಪತ್ರ ಬರೆದಿದ್ದ:

“ನನಗೆ ಕೆಮಿಸ್ಟ್ರಿ ಬರುವುದಿಲ್ಲ. ಗಾಜಿನ ಸಾಮಾನು ತೊಳೆಯುವವನು. ಪ್ರಯೋಗ ಕೆಟ್ಟರೆ ಹುಡುಗರು ಪಕ್ಕದವರ ಅಂಕಿ ನೋಡಿ ಬರೆದುಕೊಳ್ಳುತ್ತಾರೆ. ಈ ಮಗುವಿನದು ಹನ್ನೊಂದು ಸಲ ಕೆಟ್ಟಿತು. ಹನ್ನೊಂದು ಸಲವೂ ಕೆಟ್ಟಿತೆಂದೇ ಬರೆಯಿತು.”

ಮುದ್ರೆ ಒತ್ತಲು ಕೈ ಬರಲಿಲ್ಲ. ಫೈಲು ಹಿಡಿದು ಪ್ರೊಫೆಸರರ ಕೋಣೆಗೆ ಹೋದಳು.

“ಏನಮ್ಮಾ, ನಿಯಮ ನಿಮಗೇ ಬಾಯಿಪಾಠ. ಅಟೆಂಡರ್ ಪತ್ರ ನಡೆಯುತ್ತಾ?”

“ನಡೆಯಲ್ಲ ಸರ್. ಒಂದ್ಸಲ ಓದಿಬಿಡಿ, ಆಮೇಲೆ ನಾನೇ ಒತ್ತುತ್ತೀನಿ.”

ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

“ಅಂಕ ಇರೋರು ಬೇಕಾದಷ್ಟು ಜನ ಸಿಗ್ತಾರೆ. ಸಂಶೋಧನೆಗೆ ಬೇಕಾಗಿರೋದು ಇಂಥವರು. ಸಮಿತಿ ಮುಂದಿಡೋಣ.”

ಸಮಿತಿಯಲ್ಲಿ ಜಗ್ಗಾಟವಾಯಿತು. ನಮ್ಮ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಅಂಕ ಇದೆಯಲ್ಲ ಎಂದು ಒಬ್ಬರು ಪಟ್ಟು ಹಿಡಿದರು. ಕೊನೆಗೆ ಹುಡುಗಿಯನ್ನು ಫೋನಿನಲ್ಲೇ ಮುಕ್ಕಾಲು ಗಂಟೆ ಪ್ರಶ್ನಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳಂತೆ. ಸೀಟು ಸಿಕ್ಕಿತು. ಪ್ರೊಫೆಸರರಿಗೆ ಹುಡುಗಿಯಿಂದ ಧನ್ಯವಾದದ ಪತ್ರ ಬಂತು. ಗುಮಾಸ್ತೆಯ ಹೆಸರು ಅದರಲ್ಲಿರಲಿಲ್ಲ. ಇರಲು ಕಾರಣವೂ ಇರಲಿಲ್ಲ. ಅವಳು ಅದನ್ನು ಫೈಲಿಗೆ ಸೇರಿಸಿದಳು.

ತರಗತಿ ಶುರುವಾಗಿ ಎರಡು ತಿಂಗಳಿಗೆ ಆ ಹುಡುಗಿ ಕಿಟಕಿಗೆ ಬಂದಳು. ಕಣ್ಣು ಕೆಂಪಗಿತ್ತು.

“ಮೇಡಂ, ನನ್ನ ಅರ್ಜಿಯಲ್ಲಿ ಒಂದು ಪತ್ರ ಇತ್ತು. ಬರೆದ ತಾತ ಹೋದ ವಾರ ಹೋಗಿಬಿಟ್ರು. ಏನು ಬರೆದಿದ್ದರೋ, ನನಗೆ ತೋರಿಸಿರಲಿಲ್ಲ. ಒಂದ್ಸಲ ನೋಡಬಹುದಾ?”

ಶಿಫಾರಸು ಪತ್ರಗಳು ಗುಟ್ಟಿನವು. ಅರ್ಜಿದಾರರಿಗೆ ತೋರಿಸುವಂತಿಲ್ಲ. ಪತ್ರದ ಅಕ್ಷರ ಅಕ್ಷರವೂ ಗುಮಾಸ್ತೆಗೆ ನೆನಪಿತ್ತು.

“ತೋರಿಸೋ ಹಾಗಿಲ್ಲಮ್ಮ,” ಎಂದಳು. ಹುಡುಗಿ ತಲೆಯಾಡಿಸಿ ಹೊರಡಲು ತಿರುಗಿದಳು.

“ನಿಲ್ಲು. ಆ ಪತ್ರ ಇಲ್ಲದೇ ಇದ್ದಿದ್ರೆ ನೀನು ಇಲ್ಲಿ ಇರ್ತಿರಲಿಲ್ಲ. ಇಷ್ಟು ಹೇಳಬಲ್ಲೆ.”

ಹುಡುಗಿ ಕಿಟಕಿಯ ಕಟ್ಟೆ ಹಿಡಿದು ನಿಂತಳು. “ಈ ಊರಲ್ಲಿ ಅವರ ಬಗ್ಗೆ ಗೊತ್ತಿರೋರು ಯಾರೂ ಇಲ್ಲ, ಅಕ್ಕ.”

ಗುಮಾಸ್ತೆ ಕಿಟಕಿಯ ಬಾಗಿಲೆಳೆದು, ಪಕ್ಕದ ಬಾಗಿಲಿನಿಂದ ಅವಳನ್ನು ಒಳಗೆ ಕರೆದಳು. ಫೈಲುಗಳನ್ನು ಸರಿಸಿ ಒಂದು ಕುರ್ಚಿ ಖಾಲಿ ಮಾಡಿದಳು.

“ಕೂತ್ಕೊ. ನೀನೇ ಹೇಳು, ತಾತ ಹೇಗಿದ್ರು?”