ನೆಲಕ್ಕಿಟ್ಟ ಮೇಲೆ ಕೇಳಬೇಕಾದ ಮಾತು

ಚಹದ ಗ್ಲಾಸಿನ ಅಂಚಿಗೆ ಕಟ್ಟಿಗೆಪುಡಿಯ ಒಂದು ಚೂರು ಅಂಟಿದೆ, ಸಾಗವಾನಿಯದು, ಉಗುರಿನಿಂದ ತೆಗೆಯಬೇಕು ಎಂದು ಉಳವಪ್ಪ ಅಂದುಕೊಳ್ಳುವಷ್ಟರಲ್ಲಿ ಆ ಮಾತು ಬಂದು ಬಿತ್ತು, ಹೆಣಾ ಹೊರಾಕೂ ಇವನ ಹಿಂದ ಯಾರೂ ಹೆಗಲು ಕೊಡಬ್ಯಾಡ್ರಿ, ಇವಗ ಹೊರೂದಷ್ಟ ಗೊತ್ತು, ಇಳಸೂದು ಗೊತ್ತಿಲ್ಲ — ರೋಜಿ ವೈನಿ, ಜತೆಗೆ ದಿಮ್ಮಿ ಹೊರುತ್ತಿದ್ದ ಜಾನುನ ಹೆಂಡತಿ, ಸಾಮಿಲ್ಲಿನ ಗೇಟು ದಾಟಿ ಬಂದು ನಿಂತಿದ್ದಾಳೆ, ಆರು ಮಂದಿ ಹಮಾಲರ ಎದುರಿಗೆ, ಮ್ಯಾನೇಜರ್ ಸಚಿನ ಸಾಹೇಬರ ಎದುರಿಗೆ, ಲಾರಿಯ ಡ್ರೈವರನ ಎದುರಿಗೂ, ಅವನಂತೂ ಬೀಡಿ ಕಿವಿಯ ಮೇಲಿಟ್ಟುಕೊಂಡು ಸಿನಿಮಾ ನೋಡಿದ ಹಾಗೆ ನೋಡುತ್ತಿದ್ದಾನೆ, ಏನ್ ನೋಡ್ತಿ ಮಗನ ಅನ್ನಬೇಕು, ಅದಕ್ಕಿಂತ ಚುಚ್ಚಿದ್ದು ರೋಜಿಯ ಮಾತು, ಯಾಕೆಂದರೆ ಅವಳು ಮೊದಲೆಲ್ಲ ಉಳವಪ್ಪಣ್ಣಾ ಎನ್ನುತ್ತಿದ್ದವಳು, ಬುತ್ತಿಯಲ್ಲಿ ಅವನ ಪಾಲಿಗೆಂದೇ ಒಂದು ರೊಟ್ಟಿ ಹೆಚ್ಚಿಗೆ ಕಟ್ಟಿ ಕಳಿಸುತ್ತಿದ್ದವಳು, ಈಗ ಉಳವ್ಯಾ ಅನ್ನುತ್ತಿದ್ದಾಳೆ, ಉಳವ್ಯಾ, ನನ್ನ ಗಂಡ ನಡುವ ಕೈ ಬಿಟ್ಟಾ ಅಂತ ಹೇಳಿಯಂತಲ್ಲ, ಅಂವ ಹದಿನೆಂಟು ವರ್ಷ ಹೊತ್ತಾನ, ಒಮ್ಮೆ ಕೈ ಬಿಟ್ಟದ್ದು ನೋಡೀಯೇನ. ಗ್ಲಾಸು ಬಿಸಿ ಇದೆ, ಕೆಳಗಿಡಲು ಮನಸ್ಸಾಗಲಿಲ್ಲ, ಇಳಸೂದು ಗೊತ್ತಿಲ್ಲ — ಅಯ್ಯೋ, ಗ್ಲಾಸು ಇಳಿಸಿದರೂ ಈಗ ನಗುತ್ತಾರೆ.

ಹೇಳಿದ್ದು ಹೌದು, ಎಂಟು ದಿನದ ಹಿಂದೆ, ಸಾಹೇಬರ ಖೋಲಿಯಲ್ಲಿ, ಫ್ಯಾನಿನ ಕೆಳಗೆ, ದಿಮ್ಮಿ ಬಿದ್ದದ್ದು ಯಾರ ತಪ್ಪಪ್ಪಾ ಎಂದು ಅವರು ಕೇಳಿದಾಗ ನಾಲಿಗೆ ತಾನೇ ಹೊರಳಿತು, ಜಾನುನ ಕೈ ಜಾರಿತು ಸಾಹೇಬ್ರ, ಅಷ್ಟೇ, ಮೂರೇ ಶಬ್ದ, ಆ ಹೊತ್ತಿಗೆ ಜಾನುನನ್ನು ಜೀಪಿನಲ್ಲಿ ಮಲಗಿಸಿಕೊಂಡು ಧಾರವಾಡದ ದಾರಿ ಹಿಡಿದಿದ್ದರು, ಆಮೇಲೆ ಎಡಗಾಲಿನ ಮೂರು ಬೆರಳು ತೆಗೆದರು, ಇನ್ನು ದಿಮ್ಮಿ ಹೊರುವುದಾಗದು, ಗೇಟಿನ ಕಾವಲಿಗೆ ಕುರ್ಚಿ ಹಾಕಿಸಿ ಕೂಡ್ರಸ್ರಿ ಎಂದು ಎಲ್ಲರೂ ಕೇಳಿದ್ದರು, ನಡುವೆ ಕೈ ಬಿಡುವವನನ್ನು ನಂಬಿ ಗೇಟು ಕೊಡುವುದಿಲ್ಲ ಅಂತ ಮಾಲಕರು ಹೇಳಿದರಂತೆ, ಕೈ ಬಿಡುವವ, ಹೊರುವವನಿಗೆ ಇದಕ್ಕಿಂತ ಕೆಟ್ಟ ಹೆಸರಿಲ್ಲ, ಅದನ್ನು ಜಾನುನ ಹಣೆಗೆ ಬಡಿದವನು ತಾನು, ಮೊದಲ ದಿನ ಉಳವಪ್ಪನ ಹೆಗಲು ಕಿತ್ತು ರಕ್ತ ಬಂದಾಗ ತನ್ನ ಗೋಣಿಪಟ್ಟಿ ತೆಗೆದು ಮಡಚಿ ಅದರ ಮೇಲೆ ಇಟ್ಟವನ ಹಣೆಗೆ, ಸಾವಕಾಶ ತಮ್ಮಾ, ದಿಮ್ಮಿ ಒಬ್ಬಂದಲ್ಲ, ಎಂಟು ಮಂದೀದು, ನಿನ್ನ ಪಾಲಿನಷ್ಟ ಹೊರು, ಉಳಿದದ್ದು ನಮಗ ಬಿಡು. ಆ ಹೊತ್ತೇ ಜಾನು ಹೊರುವವರ ಟೋಳಿಯ ಕಟ್ಟಳೆಯನ್ನೂ ಹೇಳಿಕೊಟ್ಟಿದ್ದ, ಇಳಸ್ರಿ ಅಂತ ಯಾರಂದರೂ ಎಂಟೂ ಮಂದಿ ಒಮ್ಮೆಲೇ ಇಳಸಬೇಕು, ಟೋಳಿ ನಡಸೋ ಮುಕಾದಮ ಅಂದರೂ ಅಷ್ಟ, ನಿನ್ನೆ ಬಂದಾಂವ ಅಂದರೂ ಅಷ್ಟ, ಯಾಕ ಅಂತ ಕೇಳೂದು ನೆಲಕ್ಕಿಟ್ಟಮ್ಯಾಲ.

ಎಂಟನೇ ಇಯತ್ತೆಯಲ್ಲಿ ಮಾಸ್ತರರ ಮುಖಕ್ಕೆ ಪಾಟಿಚೀಲ ಎಸೆದು ಬಂದವನಿಗೆ ಯಾರ ಮಾತಿಗೂ ಇಳಿಯುವುದು ಆಗಿಬರಲಿಲ್ಲ, ಸಾಹೇಬರಿಗೆ ಅದೇ ಚಂದ ಕಂಡಿತು, ಈಗಿನ ಮುಕಾದಮ ಬಾಳೇಶ ಮುದುಕಾದ, ಹುಡುಗನಿಗೆ ಬಿಸಿರಕ್ತ ಐತಿ, ಇವನ ಇನ್ನ ಮುಕಾದಮ, ಟೀಮ್ ಅಂದರ ಹಿಂಗಿರಬೇಕು ಎಂದು ಬೆನ್ನು ತಟ್ಟಿದರು, ಆ ತಟ್ಟಿದ ಜಾಗ ಒಂದು ತಿಂಗಳು ಬೆಚ್ಚಗಿತ್ತು. ದಿಮ್ಮಿಯನ್ನು ಹಗ್ಗದಿಂದ ತೂಗುಹಾಕಿ ಇಬ್ಬಿಬ್ಬರು ಹೊರುವ ನಾಲ್ಕು ಕೋಲುಗಳಲ್ಲಿ ಬಾಳೇಶ ಕಾಕಾ ಮುಂದಿನದನ್ನು ಬಿಟ್ಟು ಮೂರನೆಯದಕ್ಕೆ ಹೋಗಿ ನಿಂತ, ಅವನ ಸುಮ್ಮನಿರುವಿಕೆಯೇ ಉಳವಪ್ಪನಿಗೆ ಹೊಟ್ಟೆಕಿಚ್ಚಿನ ಹಾಗೆ ಕಾಣಿಸಿತು, ಮುದುಕ ಕಾಯುತ್ತಿದ್ದಾನೆ, ನಾ ಎಡವಲಿ ಅಂತ. ಅವತ್ತು ಮಳೆ ನಿಂತು ಅಂಗಳವೆಲ್ಲ ರಾಡಿ, ಕ್ರೇನು ತರಿಸೂದೋ ಟೋಳಿನ ಸಾಕೋ ನೋಡೂಣು ಎಂದು ಮಾಲಕರೇ ಬಂದು ನಿಂತಿದ್ದರು, ಕ್ರೇನು ಬಂದರೆ ಟೋಳಿ ಯಾಕೆ, ಉಳವಪ್ಪ ಮುಂದಿನ ಕೋಲಿಗೆ ಹೆಗಲು ಕೊಟ್ಟು ಓಡುವ ಹಾಗೆ ನಡೆದ, ಹಗ್ಗ ಕಿರ್ ಎನ್ನುತ್ತಿದೆ, ದಿಮ್ಮಿ ತೂಗುತ್ತಿದೆ, ಲಾರಿ ಇನ್ನು ಹತ್ತು ಹೆಜ್ಜೆ, ಆಗ ಹಿಂದಿನಿಂದ ಬಾಳೇಶ ಕಾಕಾನ ದನಿ, ಇಳಸ್ರಿ.

ಇಳಸ್ರಿ. ಕೇಳಿಸಿತು, ಮಿಲ್ಲಿನ ಗರಗಸ ನಿಂತಿತ್ತು, ಕಾಗೆ ಕೂಗಿದ್ದೂ ಕೇಳುವಂತಿತ್ತು, ಕೇಳಿಸಿತು, ಮಾಲಕರ ಎದುರಿಗೆ ನನ್ನ ಮಾನ ತೆಗೀತಾನ ಮುದುಕ ಅನ್ನಿಸಿತು, ಇಳಸಬ್ಯಾಡ್ರಿ, ನಡೀರಿ, ನಾ ಹೇಳ್ತೇನಿ ನಡೀರಿ ಎಂದು ಕೂಗಿದ್ದು ತಾನೇ, ಹಿಂದಿನ ನಾಲ್ಕು ಮಂದಿ ಕಟ್ಟಳೆಯಂತೆ ಇಳಿಸಿದರು, ಮುಂದಿನ ನಾಲ್ಕು ಮಂದಿ ಅವನ ಮಾತಿಗೆ ನಡೆದರು, ದಿಮ್ಮಿ ಹಿಂದಕ್ಕೆ ಬಾಗಿ ಹಗ್ಗದಿಂದ ಜಾರಿ ಕಡೆಯ ಕೋಲಿನಲ್ಲಿದ್ದ ಜಾನುನ ಕಾಲ ಮೇಲೆ ಬಿತ್ತು. ಅವನ ಚಪ್ಪಲಿ ರಾಡಿಯಲ್ಲಿ ಕಚ್ಚಿಕೊಂಡು ಕಾಲು ಏಳದೆ ನಿಂತಿತ್ತು, ಕಾಕಾ ಹಿಂದೆ ಹೊರಳಿ ಕಂಡದ್ದು ಅದನ್ನು, ಅದನ್ನಷ್ಟೇ.

ಸುಮ್ಮನಿರು ತಂಗಿ ಎಂದು ಬಾಳೇಶ ಕಾಕಾ ರೋಜಿಯನ್ನು ಹಿಂದಕ್ಕೆ ಸರಿಸಿ ಬಂದ, ಈಗ, ಎದುರಿಗೇ, ಬೈಯಲಿ, ಹೊಡೆಯಲಿ, ಹೊಡೆದರೆ ತಿರುಗಿ ಹೊಡೆಯಬಹುದು, ಅದು ತನಗೆ ಗೊತ್ತಿರುವ ಕೆಲಸ, ಆದರೆ ಮುದುಕನ ದನಿಯಲ್ಲಿ ಸಿಟ್ಟೇ ಇಲ್ಲ, ಅವತ್ತಿನದು ನೆಲಕ್ಕಿಟ್ಟು ಎಂಟು ದಿನಾ ಆತು ತಮ್ಮಾ, ಈಗ ಕೇಳಬಹುದು, ನಾ ಇಳಸ್ರಿ ಅಂದದ್ದು ನಿನಗ ಕೇಳಿಸಿತ್ತೋ ಇಲ್ಲೋ, ಅಷ್ಟ ಹೇಳು. ಸಾಹೇಬರು ಮೊಬೈಲಿನಿಂದ ತಲೆ ಎತ್ತಿದರು. ಹೂಂ ಅಂದರೆ ಸಾಕು, ಒಂದೇ ಅಕ್ಷರ, ಜಾನುನಿಗೆ ಹೆಸರು ಮರಳುತ್ತದೆ, ಗೇಟಿನ ಕುರ್ಚಿಯೂ ಸಿಗಬಹುದು, ತಾನು ಮಾತ್ರ ಈ ಆರು ಮಂದಿಯ ಕಣ್ಣಿನಲ್ಲಿ — ಅಲ್ಲಿ ಈಗಾಗಲೇ ಏನು ಉಳಿದಿದೆ, ಅವರಿಗೆಲ್ಲ ಗೊತ್ತು, ಆರೂ ಮಂದಿಗೆ ಕೇಳಿಸಿತ್ತು, ಎಂಟು ದಿನ ತನ್ನ ಬಾಯಿಂದ ಬರಲಿ ಎಂದು ಕಾದಿದ್ದಾರೆ, ಎತ್ತಿದ ದಿಮ್ಮಿ ಹೆಗಲ ಮೇಲೆ ಹಿಡಿದು ಕಾದ ಹಾಗೆ. ಗ್ಲಾಸನ್ನು ದಿಮ್ಮಿಯ ಮೇಲಿಟ್ಟ, ಅದು ಉರುಳಿತು, ಯಾರೂ ನಗಲಿಲ್ಲ, ನಕ್ಕಿದ್ದರೆ ಚಲೋ ಇತ್ತು, ತಿರುಗಿದ, ಕಾಲು ತಾವೇ ನಡೆದವು, ಲಾರಿ, ಗರಗಸದ ಶೆಡ್ಡು, ಗೇಟು, ಹಿಂದಿನಿಂದ ಯಾರೂ ಕರೆಯಲಿಲ್ಲ, ಹಳಿಯಾಳದ ರಸ್ತೆ, ಕಾಗದದ ಕಾರ್ಖಾನೆಯ ಆ ವಾಸನೆ, ನಡೀರಿ, ನಾ ಹೇಳ್ತೇನಿ ನಡೀರಿ, ನಡೆಯುತ್ತಲೇ ಇದ್ದ, ರಸ್ತೆ ಒಣಗಿತ್ತು, ಆದರೂ ಒಂದೊಂದು ಹೆಜ್ಜೆಯ ಕೆಳಗೂ ರಾಡಿ, ರಾಡಿಯಲ್ಲಿ ಕಚ್ಚಿಕೊಂಡ ಚಪ್ಪಲಿ, ನೀಲಿ ಪಟ್ಟಿಯದು, ಎಡಗಾಲಿನದು, ಅದರೊಳಗೆ ಇನ್ನೂ ಕಾಲು ಇದೆ, ಇಳಸ್ರಿ, ಇನ್ನೂ ಕಾಲು ಇದೆ —