ಒಂದೇ ಹೆಸರಿನ ಬಾಗಿಲು

ಹೆಣದ ಬಲಗೈ ಎತ್ತಿ, ಅದರ ಹೆಬ್ಬೆರಳನ್ನು ಫೋನಿಗೆ ಒತ್ತುತ್ತಿದ್ದ ಮ್ಯಾನೇಜರನ ಮಣಿಕಟ್ಟನ್ನು ಸತ್ತವನ ಅಕ್ಕ ಹಿಂದಿನಿಂದ ಹಿಡಿದಳು.

"ಬಿಡ್ರಿ ನನ್ನ ತಮ್ಮನ ಕೈನ."

"ಒಂದೇ ನಿಮಿಷ, ಅಮ್ಮಾ. ಗೋದಾಮು ನಿಂತುಹೋಗಿದೆ. ಗೇಟಲ್ಲಿ ಲಾರಿಗಳು ಸಾಲುಗಟ್ಟಿವೆ."

"ಉರಿಯೋ ಮನೇಲಿ ಗಳ ಹಿರಿಯೋಕೆ ಬಂದಿದ್ದೀರಾ?"

ತಣ್ಣಗಿನ ಬೆರಳನ್ನು ಫೋನು ಒಪ್ಪಲಿಲ್ಲ. ಮ್ಯಾನೇಜರ್ ಆ ಕೈಯನ್ನು ಹಾಸಿಗೆಯ ಮೇಲೆ ಬಿಟ್ಟ, ಇಟ್ಟ ಎನ್ನಲಾಗದು. ಗೋಡೆಯ ಬದಿ ಕೂತಿದ್ದ ಸತ್ತವನ ಹೆಂಡತಿ ಎದ್ದು ಬಂದು ಕೈಯನ್ನು ಸರಿಪಡಿಸಿದಳು, ಫೋನನ್ನು ಅವನಿಂದ ಕಿತ್ತುಕೊಂಡು ಒಳಗೆ ಹೋದಳು. ಅವಳಿಗೆ ಬೆಳಗಿನಿಂದ ಅಳು ಬಂದಿರಲಿಲ್ಲ, ಬರೀ ಸಿಟ್ಟು. ಅದರಲ್ಲಿ ಅರ್ಧ ಪಾಲು ಮಲಗಿದ್ದವನ ಮೇಲೆಯೇ ಇತ್ತು.

*

ಗೋದಾಮಿನ ಆ್ಯಪನ್ನು ಕಟ್ಟಿದವನು ಆ ಸತ್ತವನೇ. ಹೆಚ್ಚು ಕೋಡು ಬರೆಯುವ ಕೆಲಸವಲ್ಲ. ಸಿದ್ಧ ತುಣುಕುಗಳನ್ನು ಎಳೆದು ಜೋಡಿಸಿ, ದಾಸ್ತಾನಿನ ಡೇಟಾಬೇಸಿಗೆ ತನ್ನ ಲಾಗಿನ್‌ನಿಂದ ಒಂದು ಕನೆಕ್ಷನ್ ಕೊಟ್ಟು, ಅದನ್ನೇ ಎಲ್ಲರಿಗೂ ಹಂಚಿದ್ದ. ಉಗ್ರಾಣದವರು ಪೆಟ್ಟಿಗೆ ಎಣಿಸಲಿ, ಚಾಲಕರು ಸರಕು ಇಳಿಸಲಿ, ಎಲ್ಲರೂ ಒಳಗೆ ಹೋಗುತ್ತಿದ್ದುದು ಅವನ ಹೆಸರಿನಲ್ಲೇ. ಆಗಾಗ ಅವನ ಫೋನು 'ಇದು ನೀವೇನಾ?' ಎಂದು ಕೇಳುತ್ತಿತ್ತು. ಅವನು ಹೌದು ಎಂದು ಒತ್ತಿದರೆ ಎಲ್ಲರಿಗೂ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಮುದುಕಿಯ ಕತೆ ಯಾರಿಗೆ ಗೊತ್ತಿಲ್ಲ? ಆಫೀಸಿನಲ್ಲಿ ಅವನಿಗೆ ಕೋಳಿ ಸಾಹೇಬ ಎಂದೇ ಹೆಸರು ಬಿದ್ದಿತ್ತು.

ಅವನ ಕೈಕೆಳಗೆ ಹೊಸದಾಗಿ ಸೇರಿದ ಸಹಾಯಕಿ ಒಮ್ಮೆ ಊಟದ ಕೋಣೆಯಲ್ಲಿ ಬಾಯಿಬಿಟ್ಟಳು. "ಸರ್, ಕಂಪನಿ ಹೆಸರಲ್ಲೇ ಒಂದು ಲಾಗಿನ್ ಮಾಡಿ, ಕನೆಕ್ಷನ್ನ ಅದಕ್ಕೆ ಬದಲಾಯಿಸೋಣ. ನೀವು ರಜೆ ಹಾಕಿದ್ರೂ ನಡೆಯುತ್ತೆ."

"ನಾನಿಲ್ದೇ ನಡೆಯೋದಾದ್ರೆ ನಾನ್ಯಾಕೆ? ನಿನ್ನೆ ಮೊನ್ನೆ ಬಂದವಳು ನನಗೇ ಕಲಿಸ್ತೀಯಾ?"

ಎಲ್ಲರೆದುರು ಗದರಿದ್ದ. ಪಕ್ಕದ ಮೇಜಿನಲ್ಲಿದ್ದ ಮ್ಯಾನೇಜರ್ ನಕ್ಕಿದ್ದ. ಅವಳು ಡಬ್ಬಿ ಮುಚ್ಚಿಕೊಂಡು ಎದ್ದುಹೋಗಿದ್ದಳು.

*

ಈಗ ಆ ಸಹಾಯಕಿ ಸತ್ತವನ ಮನೆಯ ಮೆಟ್ಟಿಲ ಬಳಿ ನಿಂತಿದ್ದಳು.

"ಸಂಜೆಯೊಳಗೆ ಸರಿಯಾಗದಿದ್ರೆ ನೀನೇ ಜವಾಬ್ದಾರಿ" ಎಂದ ಮ್ಯಾನೇಜರ್.

"ನಾನು ಆಗಲೇ ಹೇಳಿದ್ದೆ, ಸರ್."

"ಸಾಕ್ಷಿ ಯಾರು? ಅಲ್ಲಿ ಮಲಗಿದ್ದಾನಲ್ಲ, ಅವನಾ?"

ಬಾಗಿಲಲ್ಲಿದ್ದ ಅಕ್ಕ ಯಾರನ್ನೂ ನೋಡದೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದಳು. ಸಹಾಯಕಿ ನೀರಿನ ನೆಪ ಮಾಡಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಹೆಂಡತಿ ಫೋನನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು.

*

ಸಾಯುವ ಹಿಂದಿನ ದಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಅವನ ಕೈ ಊದಿತ್ತು. "ಸ್ವಲ್ಪ ಒತ್ತಿಬಿಡಿ, ಲಾರಿ ನಿಂತಿದೆ" ಎಂದು ಮ್ಯಾನೇಜರ್ ಅಲ್ಲಿಗೂ ಫೋನು ಮಾಡುತ್ತಿದ್ದ. ಊದಿದ ಬೆರಳಿಗೆ ಫೋನು ತೆರೆಯದಾದಾಗ ಅವನು ಹೆಂಡತಿಯ ಹೆಬ್ಬೆರಳಿನ ಗುರುತನ್ನೂ ಅದರಲ್ಲಿ ಸೇರಿಸಿದ.

"ಕೇಳಿದಾಗೆಲ್ಲ ಹೌದು ಅಂತ ಒತ್ತು. ಯಾರಿಗೂ ಹೇಳ್ಬೇಡ."

"ನೀರು ಬೇಕಾ ಅಂದ್ರೆ ಮಾತಾಡಲ್ಲ ನೀವು. ಇದಕ್ಕೆ ಮಾತ್ರ ಜೀವ ಬರುತ್ತೆ."

"ಒತ್ತು ಅಂದ್ರೆ ಒತ್ತು."

ಆಮೇಲೆ ಅವನು ಅವಳೊಡನೆ ಮಾತಾಡಲಿಲ್ಲ. ಮದುವೆಯಾದಾಗಿನಿಂದ ಎಲ್ಲಕ್ಕೂ ಹೌದು ಎಂದೇ ಬಂದವಳು ಅದಕ್ಕೂ ಹೌದೆಂದಳು. ಮರುದಿನ ಅವನ ಉಸಿರು ನಿಂತಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ. ಫೋನು ನೋಡುತ್ತಿದ್ದಳು.

*

"ಅಲ್ಲ ಅಂತ ಒತ್ತಿದ್ರೆ ಏನಾಗುತ್ತೆ?" ಎಂದು ಅಡುಗೆಮನೆಯಲ್ಲಿ ಹೆಂಡತಿ ಸಹಾಯಕಿಯನ್ನು ಕೇಳಿದಳು.

ಸಹಾಯಕಿ ಫೋನಿನ ಮೇಲಿದ್ದ ಅವಳ ಹೆಬ್ಬೆರಳನ್ನು ನೋಡಿದಳು. ಆ ಬೆರಳಿಗೂ ಫೋನು ತೆರೆಯುತ್ತದೆಂದು ಅರ್ಥವಾಯಿತು. "ಅವರ ಲಾಗಿನ್‌ಗೆ ಬೀಗ ಬೀಳುತ್ತೆ, ಅಮ್ಮಾ. ಕಂಪನಿ ಹೆಸರಲ್ಲಿ ಬೇರೆ ಕನೆಕ್ಷನ್ ಕೊಡಲೇಬೇಕಾಗುತ್ತೆ. ನಾಳೆ ನಾನು ಕೊಡ್ತೀನಿ. ಅಲ್ಲೀವರೆಗೆ ಚೀಟಿ ಬರೆದು ಲಾರಿ ಕಳಿಸ್ಲಿ."

"ಹೌದು ಅಂದ್ರೆ?"

"ಇವತ್ತು ನಡೆಯುತ್ತೆ. ಮತ್ತೆ ಕೇಳುತ್ತೆ. ಆಗ ನಿಮ್ಮ ಬಾಗಿಲಿಗೇ ಬರ್ತಾರೆ."

"ನಿನಗೆ ತೊಂದರೆ ಆಗಲ್ವಾ?"

"ಆಗುತ್ತೆ. ಹೌದು ಅಂದ್ರೂ ಆಗುತ್ತೆ."

"ಅವರಿಗೆ ನಿನ್ನ ಕಂಡ್ರೆ ಆಗ್ತಿರ್ಲಿಲ್ಲ."

"ನನಗೂ ಅವರನ್ನ ಕಂಡ್ರೆ ಆಗ್ತಿರ್ಲಿಲ್ಲ, ಅಮ್ಮಾ."

ಬೆಳಗಿನಿಂದ ಆ ಮನೆಯಲ್ಲಿ ಯಾರೂ ಆಡದಿದ್ದ ನಿಜವಾದ ಮಾತು ಅದು. ಹೆಂಡತಿ ಮೊದಲ ಬಾರಿಗೆ ಅತ್ತಳು, ಸ್ವಲ್ಪ ಹೊತ್ತು.

ಹೊರಗೆ ಹೆಣ ಒಯ್ಯುವ ಗಾಡಿ ಬಂದಿತ್ತು. ಮ್ಯಾನೇಜರ್ ಹಜಾರದ ಕಿಟಕಿಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಟ ಬಿಡದೆ ಮತ್ತೊಮ್ಮೆ ಸತ್ತವನ ಲಾಗಿನ್‌ಗೆ ಕೈಹಾಕಿದ. ಅಡುಗೆಮನೆಯಲ್ಲಿ ಫೋನು ನಡುಗಿತು. ಇದು ನೀವೇನಾ?

ಅವಳು ಹೆಬ್ಬೆರಳಿಟ್ಟು ಫೋನು ತೆರೆದಳು. ಅಲ್ಲ ಎಂದು ಒತ್ತಿದಳು.

ನಾಲ್ವರು ಹೆಣವನ್ನು ಎತ್ತಿಕೊಂಡು ಹಜಾರ ದಾಟುತ್ತಿದ್ದರು. ಮ್ಯಾನೇಜರನ ಪರದೆಯ ಮೇಲೆ ಒಂದು ಸಾಲು ಮೂಡಿತು: 'ಬಳಕೆದಾರರು ನಿರಾಕರಿಸಿದ್ದಾರೆ.' ಅವನು ಓದಿದ, ಇನ್ನೊಮ್ಮೆ ಓದಿದ. ಆಮೇಲೆ ತಲೆಯೆತ್ತಿ, ಹೊದಿಕೆಯ ಕೆಳಗಿದ್ದ ಆ ಬಲಗೈಯನ್ನೇ ನೋಡುತ್ತ, ಅದು ತನ್ನ ಪಕ್ಕದಲ್ಲಿ ಹಾದುಹೋಗುವವರೆಗೂ ಬೆನ್ನನ್ನು ಗೋಡೆಗೆ ಒತ್ತಿ ನಿಂತ.