ನಾಲ್ಕನೇ ನಂಬರಿನ ಚೌಕ

ಊಟದ ಗಾಡಿಗಳಿಗೆಂದು ಜರಗನಹಳ್ಳಿಯ ಅಡ್ಡರಸ್ತೆಯಲ್ಲಿ ಪಾಲಿಕೆಯವರು ಆರು ಹಳದಿ ಚೌಕ ಬಳಿದು ಹೋದ ಮೂರನೇ ದಿನಕ್ಕೇ ಸೊಣ್ಣಮ್ಮನ ಗಾಡಿಯ ನಾಲ್ಕೂ ಟೈರುಗಳನ್ನು ಯಾರೋ ಚುಚ್ಚಿದ್ದರು. ಯಾರೋ ಅನ್ನುವುದು ಬರೀ ಮಾತಿಗೆ. ಯಾರೆಂದು ಬೀದಿಗೆಲ್ಲ ಗೊತ್ತಿತ್ತು.

ಏಳು ವರ್ಷದಿಂದ ಸೊಣ್ಣಮ್ಮ ಮತ್ತು ಮಗ ದೀಪಕ್ ಕನಕಪುರ ರಸ್ತೆಯ ಮೆಟ್ರೊ ಕಂಬದ ಪಕ್ಕ ಗಾಡಿ ನಿಲ್ಲಿಸಿ ಮುದ್ದೆ, ನಾಟಿಕೋಳಿ ಸಾರು ಮಾರುತ್ತಿದ್ದರು. ಯಾರ ತಂಟೆಯೂ ಇರಲಿಲ್ಲ. ಈ ವರ್ಷ ಹೊಸ ನಿಯಮ ಬಂತು. ಮುಖ್ಯರಸ್ತೆಯಲ್ಲಿ ಗಾಡಿ ನಿಲ್ಲುವಂತಿಲ್ಲ, ಗುರುತು ಹಾಕಿದ ಚೌಕದೊಳಗೇ ನಿಲ್ಲಬೇಕು, ಬೇರೆ ಕಡೆ ಕಂಡರೆ ಲೈಸೆನ್ಸ್ ರದ್ದು. ಚೀಟಿ ಎತ್ತಿದಾಗ ಸೊಣ್ಣಮ್ಮನಿಗೆ ಬಂದದ್ದು ನಾಲ್ಕನೇ ನಂಬರು. ಆ ಚೌಕ ಇದ್ದದ್ದು ಅವಳ ಗಂಡನ ಅಣ್ಣ ಚಿಕ್ಕಬೈರಪ್ಪನ ಮೂರಂತಸ್ತಿನ ಕಟ್ಟಡದ ಎದುರಿಗೇ. ಕಟ್ಟಡದ ಕೆಳಗೆ ಅವನ ಮಗ ಮನೋಜ್ ಹೋಟೆಲು ನಡೆಸುತ್ತಿದ್ದ. ಅಲ್ಲೂ ಮುದ್ದೆ, ಅಲ್ಲೂ ನಾಟಿಕೋಳಿ ಸಾರು.

ಮೊದಲ ದಿನವೇ ಮನೋಜ್ ಗಾಡಿಯ ಹತ್ತಿರ ಬಂದಿದ್ದ.

“ಚಿಕ್ಕಮ್ಮ, ಇಲ್ಲಿ ಬೇಡ. ಬೇರೆ ಕಡೆ ಹಾಕ್ಕೊಳ್ಳಿ.”

“ನಾನೇನು ಆರಿಸ್ಕೊಂಡು ಬಂದ್ನಾ ಮನೋಜ? ಚೀಟೀಲಿ ಬಂತು. ಇಲ್ಲಿಂದ ಆಚೆ ನಿಂತ್ರೆ ಲೈಸೆನ್ಸ್ ಕಿತ್ಕೋತಾರೆ.”

“ಈ ರಸ್ತೆಗೆ ಜಾಗ ಬಿಟ್ಟಿದ್ದು ನಮ್ಮಪ್ಪ.”

“ನಿಮ್ಮಪ್ಪ ಒಬ್ರೇ ಅಲ್ಲ ಕಣಪ್ಪ. ನಿಮ್ಮ ಚಿಕ್ಕಪ್ಪನ ಪಾಲೂ ಇದರಲ್ಲೇ ಹೋಯ್ತು.”

ಅವನು ಹೋಟೆಲಿನ ಕಡೆ ತಿರುಗಿ ಹೋದ. ಆಮೇಲೆ ಟೈರು ಹೋದವು. ದೀಪಕ್ ಹೊಸ ಟೈರು ಹಾಕಿಸಿಕೊಂಡು ಬರುವಷ್ಟರಲ್ಲಿ ಚೌಕದೊಳಗೆ ಮನೋಜನ ಕಾರು ನಿಂತಿತ್ತು. ದೀಪಕ್ ಫೋನು ಮಾಡಿದ್ದಕ್ಕೆ ಟೋಯಿಂಗ್ ಗಾಡಿಯವರು ಬಂದು, ಹೋಟೆಲಿನ ಗಿರಾಕಿಗಳೆಲ್ಲ ಎದ್ದು ನೋಡುತ್ತಿರುವಾಗಲೇ ಕಾರನ್ನು ಎಳೆದುಕೊಂಡು ಹೋದರು. ಮನೋಜ್ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದ.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ದೊಡ್ಡ ತಪ್ಪಲೆಯಲ್ಲಿ ಮುದ್ದೆಗಿಟ್ಟ ಎಸರಿನ ನೀರು ಕುದಿಯುತ್ತಿತ್ತು. ಸೊಣ್ಣಮ್ಮ ಹಿಟ್ಟು ಸುರಿಯಬೇಕೆಂದು ಮೊರಕ್ಕೆ ಕೈ ಹಾಕಿದ್ದಳು. ಆಗ ಗಾಡಿಯ ಗಾಜು ಒಡೆದು ಅವಳ ಸೆರಗಿನ ಮೇಲೆ ಸುರಿಯಿತು. ಹೊರಗೆ ಮನೋಜ್ ನಿಂತಿದ್ದ, ಹೋಟೆಲಿನ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದುಕೊಂಡು. ಅವನ ಹಿಂದೆ ಇಬ್ಬರು ಆಳುಗಳು. ತಟ್ಟೆ ಹಿಡಿದು ನಿಂತಿದ್ದ ಗಿರಾಕಿಗಳು ಸಾರು ಚೆಲ್ಲಿ ಓಡಿದರು.

“ಅಣ್ಣ, ಬೇಡ,” ಎಂದು ದೀಪಕ್ ಕೈ ಅಡ್ಡ ಹಿಡಿದ. ಕೊಕ್ಕೆ ಅವನ ಮಣಿಕಟ್ಟಿನ ಮೇಲೆ ಬಿತ್ತು. ಕಬ್ಬು ಮುರಿದಂಥ ಸದ್ದು ಗಾಡಿಯೊಳಗಿದ್ದ ಸೊಣ್ಣಮ್ಮನಿಗೂ ಕೇಳಿಸಿತು. ಆಳುಗಳಿಬ್ಬರೂ ದೀಪಕನ ಕೂದಲು ಹಿಡಿದು ಟಾರಿನ ಮೇಲೆ ಕೆಡವಿ ಪಕ್ಕೆಗೆ ಒದೆಯತೊಡಗಿದರು. ಐದನೇ ಚೌಕದಲ್ಲಿ ದೋಸೆ ಗಾಡಿ ಇಟ್ಟಿದ್ದ ಇಂದ್ರಾಣಿ ಬಿಡಿಸಲು ಓಡಿಬಂದಳು. ಒಬ್ಬ ಅವಳನ್ನು ತಳ್ಳಿದ ರಭಸಕ್ಕೆ ಅವಳ ಬಾಯಿ ಗಾಡಿಯ ಅಂಚಿಗೆ ಬಡಿದು ತುಟಿ ಸೀಳಿತು.

“ನನ್ನ ಕಾರು ಎಳೆಸ್ತೀಯೇನೋ,” ಎನ್ನುತ್ತ ಮನೋಜ್ ಮುರಿದ ಕೈಯನ್ನೇ ಬೂಟಿನಿಂದ ತುಳಿದು ಹಿಡಿದ. ದೀಪಕ್ ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಕೊಕ್ಕೆ ಮತ್ತೆ ಮೇಲಕ್ಕೇರಿತು. ಈ ಸಲ ಅದರ ಗುರಿ ತಲೆ.

ಸೊಣ್ಣಮ್ಮ ಯೋಚಿಸಲಿಲ್ಲ. ಮಸಿಬಟ್ಟೆ ಸುತ್ತಿ ತಪ್ಪಲೆಯ ಅಂಚು ಹಿಡಿದು ಎತ್ತಿ, ಒಡೆದ ಕಿಟಕಿಯಿಂದ ಎಸರನ್ನೆಲ್ಲ ಮನೋಜನ ಮೇಲೆ ಎರಚಿದಳು.

ಅವನು ಮುಖ ಮುಚ್ಚಿಕೊಂಡು ಕುಸಿದ. ಶರ್ಟು ಮೈಗೆ ಅಂಟಿಕೊಂಡಿತ್ತು, ಕಿತ್ತೆಸೆಯಲು ಹೋದಾಗ ಬಟ್ಟೆಯ ಜೊತೆಗೆ ಕುತ್ತಿಗೆಯ ಚರ್ಮವೂ ಬಂತು. ಆಳುಗಳು ಅವನನ್ನು ಬಿಟ್ಟು ಓಡಿದರು. ಸೊಣ್ಣಮ್ಮ ಮುದ್ದೆ ತಿರುವುವ ಕೋಲು ಹಿಡಿದು ಕೆಳಗಿಳಿದಳು. ಮನೋಜ್ ಬಿದ್ದಲ್ಲಿಂದಲೇ “ಚಿಕ್ಕಮ್ಮ” ಅಂದ. ಅವನ ಕೈಯಲ್ಲಿ ಏನೂ ಇರಲಿಲ್ಲ. ಅದು ಅವಳಿಗೆ ಚೆನ್ನಾಗಿ ಕಂಡಿತ್ತು. ಕಂಡೂ ಅವನ ಭುಜಕ್ಕೆ ಬಲವಾಗಿ ಒಂದೇಟು ಹೊಡೆದಳು. ಇನ್ನೊಂದಕ್ಕೆ ಕೋಲೆತ್ತಿದಾಗ ಇಂದ್ರಾಣಿ ರಕ್ತದ ಬಾಯಲ್ಲೇ ಬಂದು ಅವಳನ್ನು ತಬ್ಬಿ ಹಿಡಿದಳು.

ದೀಪಕನ ಕೈಗೆ ಎರಡು ಪ್ಲೇಟು ಹಾಕಿದರು. ಇನ್ನೊಂದು ಆಸ್ಪತ್ರೆಯಲ್ಲಿ ಮನೋಜನ ಎಡಗಣ್ಣು ಉಳಿಯುವುದಿಲ್ಲ ಎಂದರು. ಮಾರನೆಯ ಬೆಳಿಗ್ಗೆ ಚಿಕ್ಕಬೈರಪ್ಪ ದೀಪಕನ ವಾರ್ಡಿಗೆ ಬಂದ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಸೊಣ್ಣಮ್ಮನ ಪಕ್ಕದ ಬೆಂಚಿನ ಮೇಲೆ ಕೂತ.

“ಆಗಿದ್ದಾಯ್ತು ಸೊಣ್ಣಮ್ಮ. ಲಾಯರ್ ಹತ್ರ ಮಾತಾಡಿದೀನಿ. ಗಲಾಟೇಲಿ ತಪ್ಪಲೆ ತಾನಾಗೇ ಉರುಳಿತು ಅಂತ ಹೇಳಿಬಿಡು. ದೀಪಕ ಜಾರಿ ಬಿದ್ದ ಅನ್ನಲಿ. ನಿಮ್ಮ ಮೇಲೂ ಕೇಸಿಲ್ಲ, ನಮ್ಮ ಮೇಲೂ ಇಲ್ಲ.”

“ಹಂಗೇ ಹೇಳಮ್ಮ,” ಎಂದ ದೀಪಕ್ ಮಲಗಿದಲ್ಲಿಂದ.

ಅವಳು ಆಗಲಿ ಅಂದಳು. ಮಗನನ್ನು ಬಿಟ್ಟು ಜೈಲಿಗೆ ಹೋಗುವ ಧೈರ್ಯ ಯಾರಿಗಿರುತ್ತದೆ?

ಚಿಕ್ಕಬೈರಪ್ಪ ಎದ್ದುಹೋದ ಮೇಲೆ ಇಂದ್ರಾಣಿ ಬಂದಳು. ಹೊಲಿಗೆ ಹಾಕಿದ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

“ಅಕ್ಕ, ಬೆಳಿಗ್ಗೆ ಪಾಲಿಕೆ ಆಫೀಸರ್ ಬಂದಿದ್ರು. ತಪ್ಪಲೆ ತಾನಾಗಿ ಬಿತ್ತಾ ಅಂತ ಎಲ್ಲರನ್ನೂ ಕೇಳಿದ್ರು. ಹಂಗೇನಾದ್ರೂ ಆಗಿದ್ರೆ ರಸ್ತೆ ಬದೀಲಿ ಒಲೆ ಅಪಾಯ ಅಂತ ಬರೆದು ಆರೂ ಚೌಕ ಅಳಿಸ್ತಾರಂತೆ. ಮತ್ತೆ ಎಲ್ಲೂ ಕೊಡಲ್ವಂತೆ.”

“ನೀನೇನಂದೆ?”

“ಏನೂ ಹೇಳಿಲ್ಲ. ನಿಮ್ಮನ್ನ ಕೇಳದೆ ಹೆಂಗೆ ಹೇಳ್ಲಿ.”

ಮಧ್ಯಾಹ್ನ ಹೇಳಿಕೆ ಬರೆದುಕೊಳ್ಳಲು ಸಬ್ ಇನ್ಸ್‌ಪೆಕ್ಟರ್ ಬಂದರು. ಚಿಕ್ಕಬೈರಪ್ಪನ ಲಾಯರೂ ಜೊತೆಗಿದ್ದ. ಸೊಣ್ಣಮ್ಮ ಮೊದಲು ದೀಪಕನ ಕಡೆ ನೋಡಿದಳು, ಆಮೇಲೆ ಗೋಡೆಗೊರಗಿ ನಿಂತಿದ್ದ ಇಂದ್ರಾಣಿಯ ಕಡೆ.

“ತಪ್ಪಲೆ ಉರುಳ್ಲಿಲ್ಲ ಸಾರ್. ಮನೋಜ ನನ್ನ ಮಗನ ಕೈ ಮುರಿದು, ಮುರಿದ ಕೈ ತುಳಿದು, ತಲೆಗೆ ಕೊಕ್ಕೆ ಎತ್ತಿದ. ನಾನೇ ಎಸರು ಎರಚಿದ್ದು. ಅವನು ಬಿದ್ದ ಮೇಲೂ ಕೋಲಲ್ಲಿ ಒಂದೇಟು ಹೊಡೆದಿದೀನಿ. ಅದನ್ನೂ ಬರ್ಕೊಳ್ಳಿ.”

ಲಾಯರ್ ಪೆನ್ನು ಜೇಬಿಗಿಟ್ಟುಕೊಂಡು ಹೊರಗೆ ಹೋದ. “ಏನ್ ಮಾಡ್ಬಿಟ್ಟೆ ನೀನು?” ಎಂದು ದೀಪಕ್ ಗೋಡೆಯ ಕಡೆ ತಿರುಗಿದ.

ಮನೋಜನ ಮೇಲೂ ಸೊಣ್ಣಮ್ಮನ ಮೇಲೂ ಕೇಸಾಯಿತು. ಹದಿನಾಲ್ಕು ದಿನ ಜೈಲಿನಲ್ಲಿದ್ದು ಸೊಣ್ಣಮ್ಮ ಜಾಮೀನಿನ ಮೇಲೆ ಬಂದಳು. ಅವಳ ಲೈಸೆನ್ಸ್ ಹೋಗಿತ್ತು. ಗಾಡಿ ಸ್ಟೇಷನ್ನಿನ ಹಿಂದೆ ಬಿಸಿಲಲ್ಲಿ ನಿಂತಿತ್ತು. ನಾಲ್ಕನೇ ಚೌಕ ವಸಂತಪುರದ ಯಾರಿಗೋ ಸಿಕ್ಕಿತ್ತು. ಉಳಿದ ಗಾಡಿಗಳು ಇದ್ದಲ್ಲೇ ಇದ್ದವು. ದೀಪಕ್ ಒಂದೂವರೆ ತಿಂಗಳು ತಾಯಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟ ಮಾತ್ರ ಅವಳು ಕಲಸಿ ಕೊಟ್ಟದ್ದನ್ನು ಎಡಗೈಯಲ್ಲಿ ತಿನ್ನುತ್ತಿದ್ದ. ಜೈಲಿನಲ್ಲೂ ಮನೆಯಲ್ಲೂ ಅವಳ ನಿದ್ದೆ ಕೆಡಿಸಿದ್ದು ಎಸರಲ್ಲ, ಆ ಒಂದು ಕೋಲೇಟು. ಹೊಡೆಯುವಾಗ ಅವಳಿಗೆ ಹಿತವೆನಿಸಿತ್ತು. ಅದನ್ನು ಅವಳು ಪೊಲೀಸರಿಗೂ ಹೇಳಿರಲಿಲ್ಲ.

ಮೊದಲ ವಿಚಾರಣೆಯ ದಿನ ಕೋರ್ಟಿನ ಪಡಸಾಲೆಯಲ್ಲಿ ಒಂದೇ ಒಂದು ಬೆಂಚು ಖಾಲಿಯಿತ್ತು. ಕಪ್ಪು ಕನ್ನಡಕ ಹಾಕಿದ್ದ ಮನೋಜ್ ಅದರ ಒಂದು ತುದಿಗೆ ಕೂತಿದ್ದ. ಸೊಣ್ಣಮ್ಮ ಇನ್ನೊಂದು ತುದಿಗೆ ಕೂತಳು. ಅವಳೇ ಮೊದಲು ಮಾತಾಡಿದಳು.

“ಬಿದ್ದ ಮೇಲೆ ಹೊಡೆದೆ ನೋಡು, ಅದು ತಪ್ಪು ಕಣೋ.”

“ನೀರು?”

“ಆವತ್ತಿನ ಹಂಗೇ ನೀನು ಮತ್ತೆ ಕೊಕ್ಕೆ ಎತ್ತಿದ್ರೆ ಮತ್ತೆ ಎರಚ್ತೀನಿ.”

ಮನೋಜ್ ಕನ್ನಡಕ ತೆಗೆದು, ಸೋರುತ್ತಿದ್ದ ಕಣ್ಣನ್ನು ಕರವಸ್ತ್ರದಿಂದ ಒತ್ತಿಕೊಂಡ. ಸೊಣ್ಣಮ್ಮ ಮುಖ ಆಚೆ ತಿರುಗಿಸದೆ ಅದನ್ನು ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಇಬ್ಬರ ಹೆಸರನ್ನೂ ಕೂಗಿದರು.